ಮಾಬವ್ವನ ಬೇವಿನ ಮರದ ಕ್ಯಾಮ್‌ಶಾಫ್ಟು

ಬಹಳ ಹಿಂದೆ, ಎಮ್ಮೆಬೆನ್ನು ಅನ್ನುವ ದಿಬ್ಬದ ಬುಡದಲ್ಲಿ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಡೀಸೆಲ್ ಹೊಗೆಗೆ ಇನ್ನೂ ಯಾರೂ ಮೂಗು ಮುಚ್ಚಿಕೊಳ್ಳದಿದ್ದ ಕಾಲ ಅನ್ನಿ. ಆ ಊರಲ್ಲಿ ಮಾಬವ್ವ ಗುಜರಿ ಅಂಗಡಿ ಇಟ್ಟಿದ್ದಳು. ಅಂಗಡಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಒಂದು ಬೇವಿನ ಮರ ಅಷ್ಟೇ. ಅದರ ಕೊಂಬೆಗಳಿಂದ ಸೆಣಬಿನ ಹುರಿಯಲ್ಲಿ ಹಳೇ ಕ್ಯಾಮ್‌ಶಾಫ್ಟುಗಳು ತೂಗುತ್ತಿದ್ದವು. ಮೈಮೇಲೆಲ್ಲ ಮೊಟ್ಟೆಯಂಥ ಉಬ್ಬುಗಳಿರುವ ಉಕ್ಕಿನ ದಂಡ ಅದು. ತಿರುಗುತ್ತ ತಿರುಗುತ್ತ ಇಂಜಿನ್ನಿನ ಉಸಿರಿನ ಬಾಗಿಲು ತೆಗೆದು ಮುಚ್ಚುವುದು ಅದರ ಕೆಲಸ. ಮಧ್ಯಾಹ್ನದ ಗಾಳಿಗೆ ಅವು ಒಂದಕ್ಕೊಂದು ತಾಗಿದರೆ ಇಡೀ ಓಣಿಗೆ ಜೊಂಪು ಹತ್ತುತ್ತಿತ್ತಂತೆ. ಎತ್ತುಗಳು ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವಂತೆ. ಮಾಬವ್ವ ಮಾತ್ರ ಎಚ್ಚರ. ವ್ಯಾಪಾರಕ್ಕೆ ಕೂತವರು ತೂಕಡಿಸಿದರೆ ಹೇಗೆ?

ಅವಳು ಯಾವ ಸಾಮಾನನ್ನೂ ಹೊಗಳುತ್ತಿರಲಿಲ್ಲ. ಕೊಳ್ಳುವವನ ಕೈಗೆ ಮರದ ಕೊಡತಿ ಕೊಟ್ಟು, ಹೊಡೆದು ಕೇಳು ಅನ್ನುತ್ತಿದ್ದಳು. ಸೀಳಿಲ್ಲದ ಉಕ್ಕು ಗಂಟೆಯ ಹಾಗೆ ಬಹಳ ಹೊತ್ತು ಮೊಳಗುತ್ತದೆ. ಸೀಳಿದ್ದದ್ದು ಒಡಕು ಗಡಿಗೆಯ ಹಾಗೆ ಬೊದ್ದೆನ್ನುತ್ತದೆ. ಮಾಬವ್ವ ಆ ನಾದ ಕೇಳಿಯೇ ಶಾಫ್ಟು ಓಡಿದ ದಾರಿ ಹೇಳುತ್ತಿದ್ದಳು ಅಂತಾರೆ: ಇದು ಉಪ್ಪುಗಾಳಿಯಲ್ಲಿ ಓಡಿದ್ದು, ಇದು ಕಬ್ಬಿನ ಹೇರು ಎಳೆದದ್ದು. ಹೇಳುತ್ತಿದ್ದಳೋ ಇಲ್ಲವೋ, ಹೇಳಿದ ಮೇಲೆ ದರ ಇಳಿಸುತ್ತಿರಲಿಲ್ಲ. ಅದಂತೂ ನಿಜ.

ಅದೇ ಊರಿನ ಗುರುಪಾದ ಪಿಕಪ್ಪಿನಲ್ಲಿ ವೀಳ್ಯದೆಲೆಯ ಪೆಂಡಿ ಸಾಗಿಸುತ್ತಿದ್ದ. ದಿಬ್ಬದಾಚೆಯ ಪೇಟೆಗೆ ಬಿಸಿಲೇರುವ ಮೊದಲೇ ಮುಟ್ಟಬೇಕು. ಬಾಡಿದ ಎಲೆಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಗಾಡಿಗೆ ವಯಸ್ಸಾಗಿ ಅರ್ಧ ದಿಬ್ಬಕ್ಕೇ ಏದುಸಿರು. ಇನ್ನೊಂದು ಸಲ ಎಲೆ ಬಾಡಿದರೆ ನಿನ್ನ ಗಾಡಿಗೆ ಹೇರುವುದಿಲ್ಲ ಎಂದು ತೋಟದವರು ಹೇಳಿಬಿಟ್ಟಿದ್ದರು. ಹೇರಿಲ್ಲದ ಪಿಕಪ್ಪು ಕೊನೆಗೆ ಬಿಡಿಬಿಡಿಯಾಗಿ ಬಂದು ಬೀಳುವುದು ಬೇವಿನ ಮರದ ಕೆಳಗೇ. ಗುರುಪಾದನಿಗೆ ಅದು ಗೊತ್ತಿತ್ತು.

ಮರದಲ್ಲಿ ಅವನ ಇಂಜಿನ್ನಿಗೇ ಹೊಂದುವ ಶಾಫ್ಟೊಂದು ತೂಗುತ್ತಿತ್ತು. ಇಂಜಿನ್ನು ಹೆಚ್ಚು ಉಸಿರೆಳೆಯಲಿ ಎಂದು ಯಾರೋ ರೇಸಿನ ಹುಚ್ಚಿನವರು ಉಬ್ಬು ಎತ್ತರಿಸಿ ಕಡೆಸಿದ್ದು. ಗುರುಪಾದ ಕೊಡತಿಯಿಂದ ತಟ್ಟಿದ. ಅದು ಮೊಳಗಿತು, ಮೊಳಗುತ್ತಲೇ ಇತ್ತು. ಆ ನಾದದೊಳಗೆ ಅವನ ಗಾಡಿ ಎಮ್ಮೆಬೆನ್ನನ್ನು ಮೋಡದ ಹಾಗೆ ಏರುತ್ತಿತ್ತು, ಚಕ್ರ ನೆಲಕ್ಕೆ ತಾಗುತ್ತಿರಲಿಲ್ಲ, ಹಿಂದೆ ಹಸಿರೆಲೆಗಳು ಇಬ್ಬನಿಯಲ್ಲೇ ಇದ್ದವು. ಮಾಬವ್ವ ಕೈಚಾಚಿದಾಗಲೇ ಅವನು ನೆಲಕ್ಕಿಳಿದದ್ದು.

ದುಡ್ಡು ಎಣಿಸಿಕೊಂಡು ಅವಳು ಒಂದು ಬಟ್ಟೆಯ ಪಟ್ಟಿಯನ್ನೂ ಮುಂದಿಟ್ಟಳು. ಅದರಲ್ಲಿ ಎಂಟು ಟ್ಯಾಪೆಟ್ಟುಗಳು ಸಾಲಾಗಿ ಗಂಟು ಬಿದ್ದಿದ್ದವು. ಉಬ್ಬಿನ ಮೇಲೆ ಕೂತು ಏರಿಳಿಯುವ ಬಟ್ಟಲಂಥ ಉಕ್ಕಿನ ತುಂಡುಗಳು ಅವು.

“ಇವು ಯಾಕ ಬೇ ಯವ್ವಾ? ನನ್ನವು ಅದಾವಲ್ಲ.”

“ಕೂಡಿ ಸವದದ್ದು ಕೂಡೇ ಹೋಗಬೇಕೋ ತಮ್ಮಾ. ಒಂದೊಂದು ಉಬ್ಬಿಗೆ ಒಂದೊಂದು. ಸಾಲು ತಪ್ಪಿಸಬ್ಯಾಡ.”

ಗುರುಪಾದ ಹೂಂ ಅಂದ. ಮನೆಗೆ ಹೋದವನೇ ಸಂತೋಷದಲ್ಲಿ ಗಂಟು ಬಿಚ್ಚಿ, ಎಂಟನ್ನೂ ಒಂದೇ ಬುಟ್ಟಿಯಲ್ಲಿ ಸೀಮೆಎಣ್ಣೆಗೆ ಹಾಕಿ ಫಳಫಳ ತೊಳೆದ. ತೊಳೆದ ಮೇಲೆ ನೋಡಿದರೆ ಎಲ್ಲವೂ ಒಂದೇ ಥರ. ತಪ್ಪು ಉಬ್ಬಿನ ಮೇಲೆ ಕೂತ ಟ್ಯಾಪೆಟ್ಟು ಉಬ್ಬನ್ನೇ ತಿನ್ನುತ್ತದೆ; ನಡುದಿಬ್ಬದಲ್ಲಿ ಎಲ್ಲ ಪುಡಿ.

ಶಾಫ್ಟು, ಬುಟ್ಟಿ, ಬಟ್ಟೆಯ ಪಟ್ಟಿ ಎಲ್ಲ ಹೊತ್ತು ಅವನು ಮರದ ಕೆಳಗೆ ಬಂದು ತಲೆ ತಗ್ಗಿಸಿ ನಿಂತ.

“ಎಂಟು ಮಕ್ಕಳಿಗೂ ಒಂದೇ ಬುಟ್ಟ್ಯಾಗ ನೀರು ಎರದಿ. ಈಗ ಹೆಸರು ಮರ್ತಿ,” ಅಂದಳು ಮಾಬವ್ವ. “ಮಾರಿದ ಮಾಲು ವಾಪಸ್ಸಿಲ್ಲ. ಕುಂದ್ರು.”

ಎರಡು ಮರದ ಕವೆ ನೆಟ್ಟು ಶಾಫ್ಟು ಮಲಗಿಸಿದಳು. ಎಣ್ಣೆಯ ಹನಿ ಬಿಟ್ಟಳು. ಒಂದೊಂದು ಟ್ಯಾಪೆಟ್ಟನ್ನೂ ಒಂದೊಂದು ಉಬ್ಬಿಗೆ ಒತ್ತಿ ಮೆಲ್ಲಗೆ ತಿರುಗಿಸು, ಕಿರುಗುಟ್ಟಿದರೆ ಅಲ್ಲ, ಸುಮ್ಮನಾದರೆ ಹೌದು ಅಂತ ಹೇಳಿ, ತಾನು ಎಲೆಅಡಿಕೆ ಹಾಕಿಕೊಂಡು ಕೂತಳು. ಅವನು ತಿರುಗಿಸಿದ. ಬೇವಿನ ನೆರಳು ಅವನ ಬೆನ್ನಿನ ಮೇಲೆ ಹರಿದುಹೋಯಿತು. ಓಣಿ ಮಲಗಿತು, ಎದ್ದಿತು. ಏಳು ಹೊಂದಿದವು.

“ಮುಗೀತು ಬೇ ಯವ್ವಾ. ಉಳದದ್ದು ಒಂದೇ, ಉಬ್ಬೂ ಒಂದೇ.”

“ಅದನ್ನೂ ಕೇಳು.”

“ಅದರಾಗ ಕೇಳೂದೇನೈತಿ?”

“ಕೇಳೋ ಅಂದ್ರ.”

ಒತ್ತಿ ತಿರುಗಿಸಿದ. ಕಿರ್ ಅಂತು. ಗುರುಪಾದ ಮುಖ ಎತ್ತಲಿಲ್ಲ. ಮೂರನೆಯದು ಕೂಡ ಸಣ್ಣಗೆ ಕಿರುಗುಟ್ಟಿತ್ತು. ಎಣ್ಣೆ ಸಾಲದೇನೋ ಅಂದುಕೊಂಡು ಮುಂದೆ ಹೋಗಿದ್ದ. ಅದು ಅವನಿಗೊಬ್ಬನಿಗೇ ಗೊತ್ತಿತ್ತು. ಮೂರನೆಯದನ್ನೂ ಕೊನೆಯದನ್ನೂ ಅದಲುಬದಲು ಮಾಡಿ ತಿರುಗಿಸಿದ. ಎರಡೂ ಸುಮ್ಮನಾದವು. ಮಾಬವ್ವ, ಮತ್ತೆ ಸಾಲಾಗಿ ಕಟ್ಟಿಕೋ ಎಂಬಂತೆ, ಬಟ್ಟೆಯ ಪಟ್ಟಿಯನ್ನು ಅವನ ಕಡೆ ತಳ್ಳಿದಳು, ಅಷ್ಟೇ.

ಶಾಫ್ಟು ಕೂರಿಸಿದ ಮರುಬೆಳಗು ಪಿಕಪ್ಪು ಎಮ್ಮೆಬೆನ್ನು ಹತ್ತಿತು. ಹತ್ತುವಾಗ ನೆಲಕ್ಕೆ ತಾಗಲೇ ಇಲ್ಲ ಅಂತಾರೆ. ಹಕ್ಕಿಗಳೂ ಹಿಂದುಳಿದವು ಅಂತಾರೆ. ಅಷ್ಟೆಲ್ಲ ಆಗಿರಲಿಕ್ಕಿಲ್ಲ. ಪೇಟೆಯಲ್ಲಿ ಪೆಂಡಿ ಬಿಚ್ಚಿದಾಗ ಎಲೆಯ ಮೇಲೆ ನೀರಿನ ಹನಿಗಳಿದ್ದವು. ಎಲೆ ವ್ಯಾಪಾರಕ್ಕೆ ಅಷ್ಟು ಸಾಕು.

ಮಾಬವ್ವ ಹೋಗಿ ಎಷ್ಟು ಕಾಲವಾಯಿತೋ. ಮರ ಇದೆ. ಆ ಊರಿನ ಗುಜರಿಯಲ್ಲಿ ಇವತ್ತಿಗೂ ಹಳೇ ಶಾಫ್ಟನ್ನು ಹುರಿಗೆ ಕಟ್ಟಿ, ಕೊಳ್ಳುವವನ ಕೈಗೆ ಕೊಡತಿ ಕೊಡುತ್ತಾರೆ. ಟ್ಯಾಪೆಟ್ಟುಗಳನ್ನು ಬಟ್ಟೆಯಲ್ಲಿ ಸಾಲಾಗಿ ಗಂಟು ಹಾಕಿಯೇ ಮಾರುತ್ತಾರೆ. ಮಾರುವ ಮೊದಲು ಕವೆಯ ಮೇಲಿಟ್ಟು ತಿರುಗಿಸುತ್ತಾರೆ. ಏಳೂ ಸರಿಹೋದ ಮೇಲೆ, ಉಳಿದದ್ದು ಒಂದೇ ಎಂದು ಗೊತ್ತಿದ್ದರೂ, ಎಲ್ಲರೂ ಮಾತು ನಿಲ್ಲಿಸಿ ಅದನ್ನೂ ಕೇಳುತ್ತಾರೆ.