ಒಂದೇ ಸ್ವರ ಬಿಡುವ ಜರಡಿ

“ಗುರುಗಳೇ, ನಾನು ಇನ್ನೇನು ಬಿಡಬೇಕು?” ಎಂದು ಶಿಷ್ಯೆ ಕೇಳಿದಳು.

ಅವಳು ಗಣಿತ ಕಲಿಯಲೆಂದು ಊರು ಬಿಟ್ಟು ಬಂದವಳು. “ತಂಗಿಯ ಮದುವೆಗೆ ಹೋಗಲಿಲ್ಲ. ಅಮ್ಮ ಫೋನ್ ಮಾಡಿದರೆ ಎತ್ತುವುದಿಲ್ಲ. ಗೆಳತಿಯರನ್ನೂ ದೂರ ಮಾಡಿದೆ. ನನಗೆ ಗಣಿತವೊಂದೇ ಬೇಕು. ಆದರೂ ಅದು ನನ್ನೊಡನೆ ಮಾತಾಡುತ್ತಿಲ್ಲ.”

ಗುರುಗಳು ಸೀಮೆಸುಣ್ಣ ಕೆಳಗಿಟ್ಟು ಈ ಕತೆ ಹೇಳಿದರು.

ಕಡಲತೀರದ ಒಂದು ನಿಸ್ತಂತು ಕೇಂದ್ರದಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಹಡಗುಗಳು ಕಳಿಸುವ ಸಂಕೇತಗಳನ್ನು ಕೇಳಿ ಅಕ್ಷರಕ್ಕಿಳಿಸುವುದು ಅವಳ ಕೆಲಸ. ಸಂಕೇತವೆಂದರೆ ಒಂದು ಸ್ವರ, ಅಷ್ಟೇ. ಅದನ್ನು ಚಿಕ್ಕದಾಗಿ ಕತ್ತರಿಸಿದರೆ ಚುಕ್ಕೆ, ಉದ್ದಕ್ಕೆ ಬಿಟ್ಟರೆ ಗೆರೆ. ಚುಕ್ಕೆ ಗೆರೆ ಸೇರಿದರೆ ಅಕ್ಷರ.

ಅವಳ ಗಂಡ ಒಂದು ಸರಕುಹಡಗಿನಲ್ಲಿ ಅದೇ ಕೆಲಸ ಮಾಡುತ್ತಿದ್ದ. ಸಂಜೆ ಪಾಳಿ ಮುಗಿಯುವ ಮುನ್ನ ಅವಳಿಗೆಂದು ಎರಡು ಮಾತು ಕಳಿಸುತ್ತಿದ್ದ. ಮಾತಿನ ಕೊನೆಯ ಚುಕ್ಕೆಯನ್ನು ಅವಸರವಾಗಿ ಒತ್ತುವುದು ಅವನ ಕೈಯ ಅಭ್ಯಾಸ. ಎಷ್ಟೇ ಹಡಗುಗಳ ನಡುವೆಯೂ ಅವಳು ಅದರಿಂದಲೇ ಅವನನ್ನು ಗುರುತಿಸುತ್ತಿದ್ದಳು.

ಹಡಗು ದೂರ ಹೋದಂತೆ ಅವನ ಸ್ವರ ಕ್ಷೀಣವಾಯಿತು. ಸಿಡಿಲಿನ ಚಟಚಟ, ಬೇರೆಯವರ ಸಂಕೇತಗಳು, ಹಿತ್ತಿಲ ಪಂಪಿನ ಮೋಟರಿನ ಗುಂಯ್‌ಗುಡುವಿಕೆ, ಎಲ್ಲವೂ ಅವನ ಮೇಲೆ ಬಿದ್ದವು. ಅವಳು ಸಿಡುಕುತ್ತಿದ್ದಳು.

ಪಕ್ಕದ ಮೇಜಿನ ಹಿರಿಯ ನಗುತ್ತಿದ್ದ. “ಗಂಡ ಸಿಡಿಲನ್ನೂ ಜೊತೆಗೆ ಕರ್ಕೊಂಡು ಬರ್ತಾನೆ ಅಂತ ಹೊಟ್ಟೆಕಿಚ್ಚೇನು ತಂಗಿ?”

“ಹೌದಣ್ಣ. ಬಂದರೆ ಅವರೊಬ್ಬರೇ ಬರಬೇಕು.”

ಅವಳು ಹಟದವಳು. ಶಾಲೆಯಲ್ಲಿ ಕಲಿಯದ ಗಣಿತವನ್ನು ಪುಸ್ತಕ ತರಿಸಿಕೊಂಡು ಕಲಿತಳು. ಯಾವ ಸದ್ದನ್ನಾದರೂ ಶುದ್ಧ ಸ್ವರಗಳಾಗಿ ಬಿಡಿಸಬಹುದೆಂದು ತಿಳಿದುಕೊಂಡಳು. ಲೆಕ್ಕ ಹಾಕಿ, ತಂತಿ ಸುತ್ತಿ, ಸ್ವರಗಳನ್ನು ಸೋಸುವ ಒಂದು ಜರಡಿ ಮಾಡಿದಳು. ಗಂಡನ ಸ್ವರವನ್ನೂ ಅದರ ಅಕ್ಕಪಕ್ಕದ ಕೆಲವನ್ನೂ ಮಾತ್ರ ಅದು ಒಳಗೆ ಬಿಡುತ್ತಿತ್ತು. ಮೋಟರಿನ ಸದ್ದು ಹೋಯಿತು. ಜರಡಿಯನ್ನು ಇನ್ನಷ್ಟು ಕಿರಿದು ಮಾಡಿದಳು. ಬೇರೆ ಹಡಗುಗಳ ಸಂಕೇತಗಳು ಹೋದವು. ಅವುಗಳೊಂದಿಗೆ ಗಂಡನ ಕೊನೆಯ ಚುಕ್ಕೆಯ ಅವಸರವೂ ಮಸುಕಾಯಿತು. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸಿಡಿಲು ಇನ್ನೂ ಉಳಿದಿತ್ತಲ್ಲ.

ಒಂದು ಸಂಜೆ ಅವನು ಹೀಗೆ ಕಳಿಸಿದ: “ಮುಂದಿನ ಬಂದರಿನಲ್ಲಿ ಇಳಿದು ಮನೆಗೆ ಬರುವುದೋ, ಇನ್ನೆರಡು ವರ್ಷ ಹಡಗಿನಲ್ಲೇ ಇರುವುದೋ, ತೀರ್ಮಾನಿಸಬೇಕು. ಅದಕ್ಕೆ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕು. ನಾಳೆ ಕೇಳುತ್ತೇನೆ. ಆಮೇಲೆ ನಿನ್ನ ಕೇಂದ್ರ ನನಗೆ ಎಟುಕುವುದಿಲ್ಲ.”

ಮರುದಿನವೆಲ್ಲ ಅವಳು ಜರಡಿಯ ಮುಂದೆ ಕುಳಿತಳು. ಆ ಒಂದು ಮಾತಿನಲ್ಲಿ ಒಂದಕ್ಷರವೂ ಸಿಡಿಲಿನ ಪಾಲಾಗಬಾರದು. ಅವನ ಸ್ವರವೊಂದನ್ನು ಬಿಟ್ಟು ಬೇರೇನೂ ದಾಟದಂತೆ ಜರಡಿಯನ್ನು ಬಿಗಿ ಮಾಡಿದಳು. ಮೇಜಿನ ಮೇಲಿದ್ದ ಉಪಕರಣದಿಂದ ಅದೇ ಸ್ವರವನ್ನು ಎಡೆಬಿಡದೆ ನುಡಿಸಿ ಪರೀಕ್ಷೆ ಮಾಡಿದಳು. ಸ್ವರ ಕಲೆಯಿಲ್ಲದೆ ದಾಟಿ ಬಂತು.

ಸಂಜೆಯಾಯಿತು. ಕಿವಿಯಲ್ಲಿ ಸಿಡಿಲಿಲ್ಲ, ಕಡಲಿಲ್ಲ, ಏನೂ ಇಲ್ಲ. ಆಮೇಲೆ ಆ ನಿಶ್ಶಬ್ದದೊಳಗಿಂದ ಅವನ ಸ್ವರ ಮೆಲ್ಲಗೆ ಎದ್ದಿತು. ಅಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ. ಅವಳು ಕಣ್ಣು ಮುಚ್ಚಿ ಮೊದಲ ಅಕ್ಷರಕ್ಕಾಗಿ ಕಾದಳು. ಸ್ವರ ಎಲ್ಲಿಯೂ ಮುರಿಯಲಿಲ್ಲ. ತಂಬೂರಿಯ ಶ್ರುತಿಯಂತೆ ನಿಂತೇ ಇತ್ತು. ಆಮೇಲೆ ಬಂದಂತೆಯೇ ಮೆಲ್ಲಗೆ ಆರಿತು.

“ಏನಂದ್ರು ನಿಮ್ಮವರು?” ಹಿರಿಯ ಕೇಳಿದ.

“ಮಾತಾಡಿದರು.”

“ಅದೇ, ಏನು?”

ಜರಡಿಯ ಲೆಕ್ಕಕ್ಕೆಂದು ಗೋಡೆಯ ಮೇಲೆ ತಾನೇ ಬರೆದಿದ್ದ ಸಮೀಕರಣದ ಕಡೆ ಅವಳು ನೋಡಿದಳು. ಮೊದಲಿನಿಂದಲೂ ಅದು ಅಲ್ಲಿಯೇ ಇತ್ತು. ಶುದ್ಧವಾದ ಒಂದೇ ಸ್ವರಕ್ಕೆ ಆರಂಭವಿಲ್ಲ, ಕೊನೆಯಿಲ್ಲ. ಮಾತೆಂದರೆ ಆರಂಭಿಸುವುದು, ನಿಲ್ಲಿಸುವುದು. ಪ್ರತಿ ಆರಂಭವೂ ಪ್ರತಿ ನಿಲುಗಡೆಯೂ ಅಕ್ಕಪಕ್ಕದ ಸ್ವರಗಳ ಮೇಲೆ ಚೆಲ್ಲುತ್ತದೆ. ಸಿಡಿಲಿದ್ದದ್ದೂ ಆ ಅಕ್ಕಪಕ್ಕದಲ್ಲೇ. ಸಿಡಿಲಿನೊಂದಿಗೆ ಅವಳು ಅವನ ಮಾತನ್ನೂ ಹೊರಗೆ ಹಾಕಿದ್ದಳು.

ಅವಳು ಜರಡಿಯನ್ನು ಕಿತ್ತು ಬಿಸಾಡಿದಳು. ಸಿಡಿಲು, ಮೋಟರು, ಯಾರು ಯಾರದೋ ಸಂಕೇತಗಳು ಕಿವಿಗೆ ನುಗ್ಗಿದವು. “ಮತ್ತೊಮ್ಮೆ ಹೇಳಿ” ಎಂದು ಕಳಿಸಿದಳು. ಮತ್ತೆ ಮತ್ತೆ ಕಳಿಸಿದಳು. ಅವನ ಪಾಳಿ ಮುಗಿದಿತ್ತು.

ಅವನು ಆ ಬಂದರಿನಲ್ಲಿ ಇಳಿಯಲಿಲ್ಲ. ಅವಳು ಈಗಲೂ ಸಂಜೆಯ ಹೊತ್ತು ಆ ಗದ್ದಲದಲ್ಲಿ ಕಿವಿಯಿಟ್ಟು ಕೂರುತ್ತಾಳೆ, ಅವಸರದ ಒಂದು ಚುಕ್ಕೆಗಾಗಿ.

ಗುರುಗಳು ನಿಲ್ಲಿಸಿದರು. ಶಿಷ್ಯೆ, “ಹಾಗಾದರೆ ಅವಳು ಹೊರಗೆ ಹಾಕಿದ್ದು ಗದ್ದಲವಲ್ಲವೇ, ಗುರುಗಳೇ?” ಎಂದಳು.

“ಗದ್ದಲವೇ ಮಗಳೇ, ಆದರೆ ಅವನ ಮಾತಿಗೆ ಬರಲು ಅದರ ನಡುವೆಯಲ್ಲದೆ ಬೇರೆ ದಾರಿ ಇರಲಿಲ್ಲ.”