ಉಳಿ ತಾಗಿದ ರೂಪಾಯಿ

ಪ್ರತಿವರ್ಷ ಮಾಘ ಬಹುಳ ದಶಮಿಯಂದು ಕೆಂಗಲ್ಲಾಪುರದ ಮಠದಲ್ಲಿ ಪೂಜ್ಯ ನಿರ್ವಾಣಪ್ಪನವರ ಪುಣ್ಯಸ್ಮರಣೆ ನೆರವೇರುತ್ತದೆ. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಮಠದ ಹಿಂದಣ ಬಾವಿಯ ಕಟ್ಟೆಯ ಸುತ್ತ ಭಕ್ತರು ಕುಳಿತು, ಹಿರಿಯರೊಬ್ಬರ ಬಾಯಿಂದ ಈ ಪ್ರಸಂಗವನ್ನು ಕೇಳುವುದು ರೂಢಿ. ಪೂಜ್ಯರ ಚರಿತೆಯ ಉಳಿದ ಪ್ರಸಂಗಗಳ ಕೊನೆಯಲ್ಲಿ ಜಯಘೋಷವಾಗುತ್ತದೆ. ಇದರ ಕೊನೆಯಲ್ಲಿ ಮಾತ್ರ ಯಾರೂ ದನಿಯೆತ್ತುವುದಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಸರ್ಕಾರವು ರೂಪಾಯಿಯೊಳಗಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. ಹಳೆಯ ಅಚ್ಚಬೆಳ್ಳಿಯ ರೂಪಾಯಿಗಳು ಗಡಿಗೆಗಳನ್ನು ಸೇರಿ ನೆಲದಡಿ ಹೋಗಿದ್ದವು. ತಾಮ್ರದ ಚಿಲ್ಲರೆಯೂ ಪೇಟೆಯಲ್ಲಿ ಕಾಣದಂತಾಗಿತ್ತು. ಪೂಜ್ಯರು ಆಗ ಕುಂಬಾರ ಓಣಿಯ ಕೊನೆಯಲ್ಲಿ, ಮಡಕೆ ಸುಡುವ ಹಾಳುಬಿದ್ದ ಆವಿಗೆಯೊಂದರ ಗೋಡೆಗೆ ಒರಗಿಸಿ ಕಟ್ಟಿದ ಚಪ್ಪರದಲ್ಲಿ ವಾಸಿಸುತ್ತಿದ್ದರು. ಆ ಓಣಿಗೆ ಕುಡಿಯುವ ನೀರಿರಲಿಲ್ಲವಾಗಿ ಬಾವಿ ತೋಡಿಸಲು ತೊಡಗಿದ್ದರು. ಒಂದು ಹೊತ್ತು ಮಣ್ಣು ಹೊತ್ತವರಿಗೆ ಒಂದು ಮಣ್ಣಿನ ಬಿಲ್ಲೆ. ಹಸಿ ಜೇಡಿಯ ಮೇಲೆ ಪೂಜ್ಯರು ತಮ್ಮ ಹೆಬ್ಬೆರಳನ್ನೊತ್ತಿ ಸುಡಿಸಿದ ಆ ಬಿಲ್ಲೆಯನ್ನು ಯಾರು ತಂದರೂ, ಯಾವ ದಿನ ತಂದರೂ, ಅವರಿಗೆ ಒಂದು ಊಟ. ಚಿಲ್ಲರೆಯಿಲ್ಲದ ಸಂತೆಯಲ್ಲಿ ಅದು ತಾನಾಗಿಯೇ ಕೈಯಿಂದ ಕೈಗೆ ನಡೆಯತೊಡಗಿತು. ಬಿಲ್ಲೆಯೊಂದಕ್ಕೆ ಉಪ್ಪು ಬಂದಿತು, ಎಲೆಯಡಿಕೆ ಬಂದಿತು.

ಇದು ನಾಣ್ಯ ಪರೀಕ್ಷಿಸುವ ಚಿನಿವಾರ ಮಾನಪ್ಪ ಪತ್ತಾರನಿಗೆ ಸಹಿಸಲಾಗಲಿಲ್ಲ.

ಮಾನಪ್ಪನ ಕಟ್ಟೆಯ ಮೇಲೊಂದು ನುಣುಪಾದ ಕರಿಗಲ್ಲಿತ್ತು. ಸಂದೇಹ ಬಂದ ನಾಣ್ಯವನ್ನೆಲ್ಲ ಜನರು ಅಲ್ಲಿಗೆ ತರುವರು. ಅವನು ಅದನ್ನು ಕಲ್ಲಿನ ಮೇಲೆ ಚಿಮ್ಮಿ, ಕಣ್ಣು ಮುಚ್ಚಿ, ನಾದವನ್ನು ಕೇಳುವನು. ನಾದ ತುಂಬಿ ಬಂದರೆ ಮರಳಿ ಕೊಡುವನು. ಮಂಕಾಗಿ ಬಂದರೆ ಉಳಿಯನ್ನಿಟ್ಟು ಅಂಚಿನಲ್ಲಿ ಒಂದು ಕಚ್ಚು ಕೊಡುವನು. ಕಚ್ಚು ಬಿದ್ದ ನಾಣ್ಯವನ್ನು ಆ ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ತಂದೆಯ ಕಾಲದಿಂದ ಬಂದ ಈ ವಿದ್ಯೆಯಲ್ಲಿ ಅವನು ಲಂಚ ಮುಟ್ಟಿದವನಲ್ಲ, ಮುಖ ನೋಡಿದವನಲ್ಲ. ಅವನ ಹೆಮ್ಮೆಗೆ ಅದೇ ಆಧಾರವಾಗಿತ್ತು. ಹೊಸ ರೂಪಾಯಿ ಸರ್ಕಾರದ್ದೇ ಎಂಬುದು ಅವನಿಗೆ ತಿಳಿಯದ ಸಂಗತಿಯಲ್ಲ. ಆದರೂ, "ಮುದ್ರಿ ಯಾರದರ ಇರಲಿ, ಹೊಟ್ಟ್ಯಾಗ ಬೆಳ್ಳಿ ಇಲ್ಲದ್ದು ರೂಪಾಯಿ ಅಲ್ಲ" ಎಂದು ಅವುಗಳಿಗೂ ಕಚ್ಚು ಕೊಡುತ್ತಲೇ ಬಂದಿದ್ದನು.

ಸಂತೆಯ ದಿನವೊಂದರಲ್ಲಿ ಅವನು ಕರಿಗಲ್ಲನ್ನು ಕಂಕುಳಲ್ಲಿರಿಸಿಕೊಂಡು ಚಪ್ಪರಕ್ಕೆ ಬಂದನು. ಪೂಜ್ಯರು ನೆಲದ ಮೇಲೆ ಕುಳಿತು ಜೇಡಿಯ ಬಿಲ್ಲೆಗಳಿಗೆ ಹೆಬ್ಬೆರಳನ್ನೊತ್ತುತ್ತಿದ್ದರು. ಮಣ್ಣು ಹೊರುತ್ತಿದ್ದವರು ಬುಟ್ಟಿಗಳನ್ನಿಳಿಸಿ ನಿಂತರು.

"ಏನ್ರಿ ಅಜ್ಜಾರ, ಟಂಕಸಾಲಿ ಭಾಳ ಜೋರ್ ನಡದೈತಲ್ಲ!" ಎಂದನು ಮಾನಪ್ಪ.

"ನಿನಗೂ ಒಂದು ಬುಟ್ಟಿ ಕೊಡ್ತೀವಿ ಬಾರೋ ಪತ್ತಾರ," ಎಂದಳು ಕುಂಬಾರರ ಮುದುಕಿಯೊಬ್ಬಳು. "ಕುಂತು ಕುಂತು ಹೊಟ್ಟಿ ಬಂದೈತಿ, ಒಂದೀಟು ಕರಗಲಿ."

ಜನ ನಕ್ಕರು. ಅವನು ಮುಖ ಬಿಗಿದು ಕಲ್ಲನ್ನು ಪೂಜ್ಯರ ಮುಂದಿರಿಸಿದನು. ಅಂಗಿಯ ಕಿಸೆಯಿಂದ ಬಿಲ್ಲೆಯೊಂದನ್ನು ತೆಗೆದು, "ಇದನ್ನ ನನಗ ಎಲಿ ಮಾರಾಂವ ಕೊಟ್ಟ. ಕೇಳ್ರಿ ಎಲ್ಲಾರೂ" ಎಂದು ಕಲ್ಲಿನ ಮೇಲೆ ಎಸೆದನು. ಬಿಲ್ಲೆ ಎರಡು ಹೋಳಾಯಿತು.

"ಈಗ ಹೇಳ್ರಿ ಅಜ್ಜಾರ. ಇದರೊಳಗ ಏನೈತಿ?"

ಪೂಜ್ಯರು ಎರಡೂ ಹೋಳುಗಳನ್ನು ಆಯ್ದು ಅಂಗೈಯಲ್ಲಿ ಜೋಡಿಸಿ ನೋಡಿದರು. ಬಳಿಕ ಒಲೆಯ ಕಡೆಗೆ ತಿರುಗಿ, "ಪತ್ತಾರರು ಬಿಲ್ಲೆ ಕೊಟ್ಟಿದ್ದಾರೆ. ಎಲೆ ಹಾಕಿರಿ" ಎಂದರು.

ಮಾನಪ್ಪನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಜಗಳವಾಡಲು ಬಂದವನು ಒಡೆದ ಮಣ್ಣಿಗೆ ದೊರೆತ ಎಲೆಯ ಮುಂದೆ, ಅಷ್ಟು ಜನರ ಎದುರಿನಲ್ಲಿ, ಕುಳಿತುಕೊಳ್ಳಬೇಕಾಯಿತು. ಬಿಸಿ ನುಚ್ಚು ಬಿದ್ದಿತು, ಪುಂಡಿಪಲ್ಯ ಬಿದ್ದಿತು. ಬಡಿಸುತ್ತಿದ್ದ ಕೈ ಮಜ್ಜಿಗೆಗೆ ಬರುವಾಗ ತಡೆದು ನಿಂತಿತು. ಅವನು ತಲೆಯೆತ್ತಿದನು. ನಡುವಯಸ್ಸಿನ ಹೆಂಗಸು; ಎಲ್ಲೋ ಕಂಡ ಮುಖ.

"ನನ್ನ ಗುರುತು ಹತ್ತಲಿಲ್ಲೇನ್ರಿ?" ಎಂದಳು ಆಕೆ. "ಕಂಬಳಿ ಮಾರೊ ಕಾಶವ್ವ. ದೀಪಾವಳಿ ಹಿಂದಿನ ಸಂತ್ಯಾಗ ನಿಮ್ಮ ಕಟ್ಟಿಗೆ ಬಂದಿದ್ದೆ."

ಅವನಿಗೆ ನೆನಪಾಗಲಿಲ್ಲ. ದಿನಕ್ಕೆ ಎಷ್ಟೋ ಜನ ಬರುತ್ತಿದ್ದರು.

ಕಾಶವ್ವ ದನಿಯೇರಿಸದೆ ಹೇಳಿದಳು. ಅಂದು ಬೆಳಗ್ಗೆ ಅವಳ ಮಗಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಆರು ಹರದಾರಿ ಆಚೆಯ ಊರಿನಿಂದ ಸುದ್ದಿ ಬಂದಿತ್ತು. ಅವಳು ಇದ್ದ ಒಂದು ಕಂಬಳಿಯನ್ನು ಮಾರಿ ಹೊಸ ರೂಪಾಯಿಯೊಂದನ್ನು ಪಡೆದು ಟಾಂಗಾದವನ ಬಳಿಗೆ ಓಡಿದಳು. ಅವನು, "ಪತ್ತಾರರ ಕಲ್ಲಿಗೆ ತೋರಿಸಿ ಬಾರವ್ವ, ಆಮ್ಯಾಲ ಕೂಡು" ಎಂದನು. ಮಾನಪ್ಪ ಚಿಮ್ಮಿ ನೋಡಿದನು. ನಾದ ಮಂಕಾಗಿ ಬಂದಿತು. ಉಳಿ ಬಿದ್ದಿತು.

"ಟಾಂಗಾದಾಂವ ಹತ್ತಿಸಿಕೊಳ್ಳಲಿಲ್ಲ. ನಡದ ಹೋದೆ. ನಾ ಹೋಗಿ ಮುಟ್ಟೂದ್ರಾಗ ಮಣ್ಣ ಕೊಟ್ಟು ಬಂದಿದ್ರು, ತಾಯಿಗೂ ಕೂಸಿಗೂ. ಅವ್ವ ಎಲ್ಲಿ, ಅವ್ವ ಎಲ್ಲಿ ಅಂತ ಕೇಳಿದ್ಲಂತ್ರಿ."

ಇಷ್ಟು ಹೇಳಿ ಆಕೆ ಮಜ್ಜಿಗೆ ಬಡಿಸಿದಳು.

ಪೂಜ್ಯರು ಎದ್ದು, ಆವಿಗೆಯ ಗೋಡೆಯ ಗೂಡಿನಿಂದ ರೂಪಾಯಿಯೊಂದನ್ನು ತೆಗೆದು ಮಾನಪ್ಪನ ಎಲೆಯ ಬದಿಯಲ್ಲಿರಿಸಿದರು. ಕಾಶವ್ವ ಅದನ್ನು ಎಸೆಯಲಾರದೆ, ಇಟ್ಟುಕೊಳ್ಳಲಾರದೆ, ಅವರ ಪಾದದ ಬಳಿ ಬಿಟ್ಟಿದ್ದಳು. ಅಂಚಿನ ಕಚ್ಚು ಅವನದೇ ಉಳಿಯದು. ಎಡಕ್ಕೆ ತುಸು ವಾಲಿದ ಆ ಗುರುತನ್ನು ಅವನು ಸಾವಿರ ನಾಣ್ಯಗಳ ನಡುವೆಯೂ ಗುರುತಿಸಬಲ್ಲವನಾಗಿದ್ದನು.

"ಸರ್ಕಾರ ಅರ್ಧ ಬೆಳ್ಳಿಯನ್ನು ತೆಗೆದಿತ್ತು, ಪತ್ತಾರರೇ," ಎಂದರು ಪೂಜ್ಯರು. "ಆದರೂ ನೀವು ಒಪ್ಪಿದ್ದರೆ ಈ ಸಂತೆಯಲ್ಲಿ ಅದು ನಡೆಯುತ್ತಿತ್ತು. ಅದರ ಹಿಂದೆ ನಿಲ್ಲಬೇಕಾದದ್ದು ಬೆಳ್ಳಿಯಲ್ಲ, ನೀವು. ಆ ದಿನ ಎದ್ದು ಹೋದವರು ನೀವು."

ಮಾನಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಒಮ್ಮೆ ಹೌದೆಂದಿದ್ದರೆ ಸಾಕಾಗಿತ್ತು, ಟಾಂಗಾ ಹೊರಡುತ್ತಿತ್ತು. ಹಾಗೆನ್ನಲು ತನಗೆ ಒಂದು ಗುಂಜಿ ಬೆಳ್ಳಿಯೂ ಬೇಕಾಗಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಅವನು ನಡುವಿನ ಚೀಲವನ್ನು ಬಿಚ್ಚಿ, ಹಳೆಯ ಅಚ್ಚಬೆಳ್ಳಿಯ ರೂಪಾಯಿಗಳನ್ನೆಲ್ಲ ಕಾಶವ್ವನ ಮುಂದೆ ಸುರಿದನು. ಬದಿಯಲ್ಲಿದ್ದ ಕರಿಗಲ್ಲಿಗೆ ತಾಗಿ ಅವು ತುಂಬಿದ ನಾದದಿಂದ ಮೊಳಗಿದವು.

ಕಾಶವ್ವ ಅವುಗಳನ್ನು ನೋಡಿದಳು. "ಅವತ್ತಿನ ಟಾಂಗಾಕ್ಕ ಇವು ನಡೀತಾವೇನ್ರಿ?" ಎಂದು ಕೇಳಿದಳು. ಅದು ಮೂದಲಿಕೆಯಾಗಿರಲಿಲ್ಲ; ನಿಜವಾಗಿಯೂ ತಿಳಿಯಲು ಕೇಳಿದಂತೆಯೇ ಇತ್ತು. ಬಳಿಕ ಆಕೆ ಪಾತ್ರೆಯನ್ನೆತ್ತಿಕೊಂಡು ಮುಂದಿನ ಎಲೆಗೆ ಹೋದಳು.

ಮಾನಪ್ಪನು ಪೂಜ್ಯರ ಕಾಲಿಗೆ ಬಿದ್ದು, "ಅಪ್ಪಾರ, ಇದಕ್ಕ ಏನಾರ ದಾರಿ ಐತೇನ್ರಿ?" ಎಂದು ಅತ್ತನು.

"ಊಟ ಮುಗಿಸಿರಿ," ಎಂದರು ಪೂಜ್ಯರು. ಅವರ ಕಣ್ಣೂ ಒದ್ದೆಯಾಗಿತ್ತು.

ಆ ಮಧ್ಯಾಹ್ನ ಮಾನಪ್ಪನು ಉಳಿಯನ್ನು ತಂದು ಬಾವಿ ತೋಡುವವರಿಗೆ ಒಪ್ಪಿಸಿದನು. ಕಡೆಯ ಬಂಡೆಯನ್ನು ಒಡೆಯುವಾಗ ಅದರ ಮೊನೆ ಮುರಿಯಿತು. ಬಾವಿಗೆ ಚೈತ್ರದಲ್ಲಿ ನೀರು ಬಂದಿತು. ಕರಿಗಲ್ಲನ್ನು ಅದರ ಮೊದಲ ಮೆಟ್ಟಿಲಿಗೆ ಹಾಸಿದರು. ಮಾನಪ್ಪನು ಮತ್ತೆ ಹದಿನಾಲ್ಕು ವರ್ಷ ಬದುಕಿದನು. ಸಂತೆಯಲ್ಲಿ ಯಾರಾದರೂ ಸಂದೇಹದ ನಾಣ್ಯವನ್ನು ತಂದರೆ ಅದನ್ನು ಚಿಮ್ಮಿ ನೋಡದೆ ತಾನೇ ಇರಿಸಿಕೊಂಡು, ನಡೆಯುವಂತಹ ನಾಣ್ಯವನ್ನು ಕೊಟ್ಟು ಕಳುಹಿಸುತ್ತಿದ್ದನು. ಚಪ್ಪರದ ಜಾಗದಲ್ಲಿ ಮುಂದೆ ಎದ್ದ ಮಠದಲ್ಲಿಯೇ ಕಾಶವ್ವ ಅಡುಗೆ ಮಾಡಿಕೊಂಡಿದ್ದಳು. ಅವನು ಪ್ರತಿ ಸೋಮವಾರ ಮಠದ ಕೆಲಸಕ್ಕೆ ಬುಟ್ಟಿ ಹೊತ್ತು, ಬಿಲ್ಲೆ ಪಡೆದು, ಪಂಕ್ತಿಯ ಕೊನೆಯಲ್ಲಿ ಕೂರುತ್ತಿದ್ದನು. ಆಕೆ ಬಡಿಸುತ್ತಿದ್ದಳು. ಅವನೊಡನೆ ಮತ್ತೆ ಮಾತನಾಡಲಿಲ್ಲ.