ಮೋಡಿ ಓದುತ್ತಿದ್ದ ಗುಮಾಸ್ತೆ

“ಗುರುಗಳೇ, ಹೆಚ್ಚು ಓದಿದವನಿಗೂ ಕಡಿಮೆ ಓದಿದವನಿಗೂ ಒಂದೇ ಸಂಬಳವಾದರೆ, ಹೆಚ್ಚು ಓದಿದ್ದು ಯಾತಕ್ಕೆ?”

ಕೇಳಿದವನು ಚನ್ನವೀರ. ಅವನು ಖಜಾನೆಯಲ್ಲಿ ಗುಮಾಸ್ತ. ಕೆಲಸದ ಜೊತೆಗೇ ಓದಿ ಎಂ.ಎ. ಮುಗಿಸಿದ್ದ. ಅದಕ್ಕಾಗಿ ಒಂದು ವಿಶೇಷ ವೇತನ ಬಡ್ತಿ ಕೊಡಬೇಕೆಂದು ಅರ್ಜಿ ಹಾಕಿದ್ದ. ನಿಯಮದಲ್ಲಿ ಅವಕಾಶವಿಲ್ಲವೆಂಬ ಉತ್ತರ ಅಂದು ಬಂದಿತ್ತು. ಕಚೇರಿಯಿಂದ ನೇರವಾಗಿ ಮಠಕ್ಕೆ ಬಂದಿದ್ದ. ಗುರುಗಳು ಆ ಕಾಗದವನ್ನು ಇಸಿದುಕೊಂಡು ಎರಡು ಸಲ ಓದಿದರು. ಆಮೇಲೆ ಹೇಳತೊಡಗಿದರು.

ಒಂದು ತಾಲ್ಲೂಕು ಕಚೇರಿಯಲ್ಲಿ ಒಬ್ಬ ಗುಮಾಸ್ತೆ ಇದ್ದಳು. ಅವಳ ಗಂಡ ಅದೇ ಕಚೇರಿಯ ನೌಕರ. ಅವನು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕಚೇರಿಯಲ್ಲಿ ಯಾರೂ ಅವಳನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಆದರೆ ಹೊಸಬರಿಗೆ ಪರಿಚಯಿಸುವಾಗಲೆಲ್ಲ, ‘ಪಾಪ, ಗಂಡನ ಕೆಲಸ ಇವರಿಗೆ ಬಂತು’ ಎನ್ನುತ್ತಿದ್ದರು. ಆ ಮಾತು ಅವಳನ್ನು ಚುಚ್ಚುತ್ತಿತ್ತು. ತನ್ನದೇ ಎಂದು ಹೇಳಿಕೊಳ್ಳುವಂಥದ್ದು ಒಂದಾದರೂ ಇರಬೇಕು ಅನ್ನಿಸಿತು. ಅಂಚೆಯ ಮೂಲಕ ಪಾಠ ತರಿಸಿಕೊಂಡು ಬಿ.ಎ. ಮುಗಿಸಿದಳು. ನಂತರ ಇತಿಹಾಸದಲ್ಲಿ ಎಂ.ಎ.ಗೆ ಸೇರಿದಳು.

ಅವಳ ಕೆಲಸ ದಾಖಲೆ ಕೋಣೆಯಲ್ಲಿ. ಅಲ್ಲಿ ಮೋಡಿ ಎಂಬ ಹಿಂದಿನ ಕಾಲದ ಕೂಡುಬರಹದ ಲಿಪಿಯಲ್ಲಿ ಬರೆದ ಹಳೆಯ ಕಾಗದಗಳ ಗಂಟುಗಳಿದ್ದವು. ಅವನ್ನು ಓದಬಲ್ಲವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಅಗತ್ಯವಿದ್ದವರು ಜಿಲ್ಲಾ ಕಚೇರಿಗೆ ಹೋಗಿ, ಅಲ್ಲಿದ್ದ ಒಬ್ಬನೇ ಓದುಗನಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಎಂ.ಎ.ಯಲ್ಲಿ ಮೋಡಿ ಕಲಿಸುವ ಒಂದು ಪತ್ರಿಕೆ ಇತ್ತು. ಅವಳು ಅದನ್ನೇ ಆರಿಸಿಕೊಂಡಳು.

ಕೊನೆಯ ವರ್ಷ ಒಂದು ತೊಡಕು ಬಂತು. ಬಡ್ತಿ ಸಿಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯೂ ಎಂ.ಎ. ಪರೀಕ್ಷೆಯೂ ಒಂದೇ ವಾರದಲ್ಲಿ ಬಿದ್ದವು. ಇಲಾಖೆಯದು ಮತ್ತೆ ಬರುತ್ತದೆ ಎಂದುಕೊಂಡು ಅವಳು ಎಂ.ಎ. ಬರೆದಳು. ಒಳ್ಳೆಯ ಅಂಕಗಳಿಂದ ಪಾಸಾದಳು. ಪ್ರಮಾಣಪತ್ರದ ನಕಲನ್ನು ಇಟ್ಟು, ಓದಿಗೆ ತಕ್ಕಂತೆ ಸಂಬಳ ಹೆಚ್ಚಿಸಬೇಕೆಂದು ಅರ್ಜಿ ಕೊಟ್ಟಳು.

ಶಿರಸ್ತೇದಾರ ಅರ್ಜಿಯನ್ನು ಓದಿ ಹೇಳಿದ: “ನೋಡಮ್ಮ, ಈ ಹುದ್ದೆಗೆ ಇಷ್ಟು ಓದು ಸಾಕು ಅಂತ ಸರ್ಕಾರ ಬರೆದಿದೆ. ಅದಕ್ಕಿಂತ ಹೆಚ್ಚು ಓದಿದರೆ ನಮಗೆ ಸಂತೋಷ. ಆದರೆ ಸಂತೋಷಕ್ಕೆ ಸಂಬಳದಲ್ಲಿ ಜಾಗವಿಲ್ಲ.”

ಅವನು ಅಣಕಿಸಿ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದ. ಕಾಲೇಜಿನ ಅಧ್ಯಾಪಕಿಯಾಗೋಣವೆಂದರೆ ಅವಳ ವಯಸ್ಸು ಮೀರಿತ್ತು. ಅವಳು ದಾಖಲೆ ಕೋಣೆಗೆ ಮರಳಿದಳು. ಮೋಡಿ ಕಾಗದ ಹಿಡಿದು ಬಂದವರಿಗೆ ಓದಿಹೇಳತೊಡಗಿದಳು. ಸುದ್ದಿ ಹರಡಿ ಜನ ಹೆಚ್ಚಾದರು. ತನ್ನ ಕೆಲಸ ಮುಗಿದ ಮೇಲೆ ಅವಳು ಈ ಕೆಲಸಕ್ಕೂ ಕೂರಬೇಕಾಯಿತು.

ಮರುವರ್ಷ ಬಡ್ತಿಯ ಪಟ್ಟಿ ಬಂತು. ಅವಳಿಗಿಂತ ಎರಡು ವರ್ಷ ಕಿರಿಯನಾದವನೊಬ್ಬ ಇಲಾಖೆಯ ಪರೀಕ್ಷೆ ಮುಗಿಸಿದ್ದ. ಅವನ ಹೆಸರು ಅದರಲ್ಲಿತ್ತು, ಅವಳದು ಇರಲಿಲ್ಲ. ಅವನು ಮೇಲಿನ ಕುರ್ಚಿಗೆ ಹೋದ. ಎಂ.ಎ. ಓದಿದ್ದಕ್ಕೆ ಅವಳಿಗೆ ಏನೂ ಸಿಗಲಿಲ್ಲ ಎಂಬುದು ಮಾತ್ರವಲ್ಲ, ಬರಬೇಕಿದ್ದ ಬಡ್ತಿಯೂ ಕೈತಪ್ಪಿತು.

ಅಂದಿನಿಂದ ಅವಳು ಮೋಡಿ ಓದುವುದನ್ನು ನಿಲ್ಲಿಸಿದಳು. ‘ಅದು ನನ್ನ ಹುದ್ದೆಯ ಕೆಲಸವಲ್ಲ’ ಎಂದಳು. ಅದು ನಿಜವೇ ಆಗಿತ್ತು. ಶಿರಸ್ತೇದಾರನೂ ಒತ್ತಾಯಿಸಲಿಲ್ಲ. ಜನ ಮತ್ತೆ ಜಿಲ್ಲಾ ಕಚೇರಿಯ ದಾರಿ ಹಿಡಿದರು.

ಹೀಗೆ ಎಂಟು ತಿಂಗಳು ಕಳೆದವು. ಒಂದು ಮಧ್ಯಾಹ್ನ ಒಬ್ಬ ಮುದುಕ ಕುಂಬಾರ ಬಂದ. ಅವನ ಊರಿನ ಕುಂಬಾರರು ತಲೆತಲಾಂತರದಿಂದ ಕೆರೆಯ ಮಣ್ಣು ತರುತ್ತಿದ್ದರು. ಈಗ ಕೆರೆಯನ್ನು ಗುತ್ತಿಗೆ ಹಿಡಿದವನೊಬ್ಬ ಅದನ್ನು ತಡೆದಿದ್ದ. ತಕರಾರು ತಹಶೀಲ್ದಾರರ ಮುಂದಿತ್ತು, ಮರುದಿನವೇ ವಿಚಾರಣೆ. ಕುಂಬಾರನ ಹತ್ತಿರ ಒಂದು ಮೋಡಿ ಕಾಗದವಿತ್ತು. ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಜಿಲ್ಲಾ ಕಚೇರಿಯ ಓದುಗ ಎರಡು ತಿಂಗಳು ಬಿಟ್ಟು ಬಾ ಎಂದಿದ್ದ.

ಗುಮಾಸ್ತೆ ತಲೆ ಎತ್ತದೆ, ಇಲ್ಲಿ ಓದುವುದಿಲ್ಲ ಎಂದಳು. ಮುದುಕ ವಾದ ಮಾಡಲಿಲ್ಲ. ಕಾಗದವನ್ನು ಮಡಿಸಿಕೊಂಡ. ಹೊರಡುವ ಮೊದಲು ಕೇಳಿದ: “ತಾಯಿ, ಇದು ನಿಮಗೆ ಓದಲಿಕ್ಕೆ ಬರುವುದಿಲ್ಲವೇ?”

‘ಬರುವುದಿಲ್ಲ’ ಎಂದಿದ್ದರೆ ಅವನು ಹೋಗಿಬಿಡುತ್ತಿದ್ದ. ಆ ಮಾತು ಅವಳ ನಾಲಿಗೆಯ ತನಕ ಬಂತು, ಹೊರಗೆ ಬರಲಿಲ್ಲ. ತನ್ನದು ಎಂದು ಅವಳಿಗಿದ್ದದ್ದು ಅದೊಂದೇ. ಅದನ್ನು ತನ್ನ ಬಾಯಿಂದಲೇ ಇಲ್ಲವೆನ್ನಲು ಅವಳಿಂದಾಗಲಿಲ್ಲ.

“ಬರುತ್ತದೆ, ಕುಳಿತುಕೊಳ್ಳಿ” ಎಂದಳು.

ಕಾಗದ ಮಡಿಕೆಗಳಲ್ಲಿ ಹರಿದಿತ್ತು. ಪೂರ್ತಿ ಓದಿ, ಕನ್ನಡದಲ್ಲಿ ಬರೆಯುವಷ್ಟರಲ್ಲಿ ಸಂಜೆಯಾಯಿತು. ಕೆರೆಯ ಪೂರ್ವದ ದಂಡೆಯ ಮಣ್ಣು ಕುಂಬಾರರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಹಕ್ಕನ್ನು ಕೇಳಿ ಪಡೆದವಳು ಒಬ್ಬ ಹೆಂಗಸು, ಬಾಳವ್ವ ಎಂದು ಹೆಸರು. ಜೊತೆಗೆ ಬರೆದಿದ್ದ ಅವಳ ಮಗನ ಹೆಸರಿನಿಂದ, ಅವಳು ತನ್ನ ಮುತ್ತಜ್ಜಿ ಎಂದು ಮುದುಕನಿಗೆ ಗೊತ್ತಾಯಿತು. ಮನೆಯಲ್ಲಿ ಯಾರಿಗೂ ಆ ಹೆಸರು ನೆನಪಿರಲಿಲ್ಲ. ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿ ಎಂದು ಮುದುಕ ಬೇಡಿಕೊಂಡ. ಅವಳು ಓದಿದಳು. ಅವನು ಮತ್ತೊಮ್ಮೆ ಓದಿಸಿಕೊಂಡ. ಶಿರಸ್ತೇದಾರ ಮನೆಗೆ ಹೊರಟಿದ್ದವನು ನಿಂತು, ನಕಲಿಗೆ ರುಜು ಹಾಕಿದ. ಮರುದಿನ ಹಕ್ಕು ಕುಂಬಾರರಿಗೆ ಉಳಿಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಅವಳಿಗೆ ಬಡ್ತಿ ಸಿಕ್ಕಿತೇ?” ಎಂದು ಚನ್ನವೀರ ಕೇಳಿದ.

“ಮುಂದಿನ ಸಲ ಇಲಾಖೆಯ ಪರೀಕ್ಷೆ ಬರೆದಳು. ಮೂರು ವರ್ಷ ತಡವಾಗಿ ಬಡ್ತಿ ಬಂತು. ಆ ಕಿರಿಯನ ಕೈಕೆಳಗೇ ನಿವೃತ್ತಳಾದಳು. ಓದಿಗೆ ಬೆಲೆ ಕೊಡಿ ಎಂದು ವರ್ಷಕ್ಕೊಂದು ಅರ್ಜಿ ಹಾಕುವುದನ್ನು ಬಿಡಲಿಲ್ಲ. ಮೋಡಿ ಓದುವುದನ್ನೂ ಬಿಡಲಿಲ್ಲ.”

“ಹಾಗಾದರೆ ಅವಳಿಗಾದ ಅನ್ಯಾಯ ಹಾಗೆಯೇ ಉಳಿಯಿತಲ್ಲ, ಗುರುಗಳೇ.”

“ಉಳಿಯಿತು. ನಿನಗಾದದ್ದೂ ಅನ್ಯಾಯವೇ. ನಾಳೆ ಇನ್ನೊಂದು ಅರ್ಜಿ ಬರೆದು ತಾ, ನಾನೇ ತಿದ್ದಿಕೊಡುತ್ತೇನೆ.”

ಚನ್ನವೀರ ಎದ್ದು ನಮಸ್ಕರಿಸಿದ. ಗುರುಗಳು ಸರ್ಕಾರದ ಕಾಗದವನ್ನು ಅವನ ಕೈಗೆ ಹಿಂದಿರುಗಿಸುತ್ತ ಕೇಳಿದರು:

“ಓದಿದ್ದನ್ನೆಲ್ಲ ಮರೆತುಬಿಡು, ಕೇಳಿದ ಸಂಬಳ ಇವತ್ತೇ ಕೊಡುತ್ತೇವೆ ಎಂದರೆ, ಒಪ್ಪಿಕೊಳ್ಳುತ್ತೀಯಾ?”